ಎಡಗೈ ಬೆಸುಗೆ

ವ್ಯಾನಿನ ಎರಡೂ ಮಗ್ಗುಲಿಗೆ ಇನ್ನೂ ಅವನ ಹೆಸರೇ:
ಅನ್ಸೆಲ್ಮೋ ಬರಾಗನ್, ಬಿಸಿಗೂ ತಂಪಿಗೂ.
ಕೆಳಗೆ ಆರಂಕಿಯ ಪರವಾನಗಿ ಸಂಖ್ಯೆ.
ಅವನು ತೀರಿಕೊಂಡದ್ದು ಮಾರ್ಚಿ ಹನ್ನೊಂದಕ್ಕೆ.
ಸಂಖ್ಯೆ ತೀರಿಕೊಂಡದ್ದು ಜೂನ್ ಒಂಬತ್ತಕ್ಕೆ.
ಸಂಖ್ಯೆಗೆ ಇಲಾಖೆ ತೊಂಬತ್ತು ದಿನ ಕೊಡುತ್ತದಂತೆ;
ಮನುಷ್ಯನಿಗೆ ಡಾಕ್ಟರು ಕೊಟ್ಟದ್ದು ನಲವತ್ತು.

ಯೂಮಾದ ಜೂನ್ ಎಂದರೆ
ನೆರಳಿಗೇ ಬೆವರು.
ಇಡೀ ಊರು ಡಬ್ಬಿಯಂತ್ರಗಳ ಉಸಿರಿಗೆ ಜೋತುಬಿದ್ದಿರುವಾಗ
ನನ್ನ ಫೋನು ಬಾಯಿ ಮುಚ್ಚುವುದಿಲ್ಲ,
ನಾನು ಬಾಯಿ ಬಿಡುವ ಹಾಗಿಲ್ಲ.

ನಾಲ್ಕನೇ ಕಿಟಕಿಯ ಹುಡುಗ ಡೆಸ್ಮಂಡ್ ಒಳ್ಳೆಯವನು.
"ಅನುಭವ ಎಷ್ಟು, ಮೇಡಂ?"
ಇಪ್ಪತ್ತಮೂರು ವರ್ಷ.
"ದಾಖಲೆ?"
ಮೊಣಕಾಲು ತೋರಿಸಲೇ?
ಅನ್ಸೆಲ್ಮೋನ ಹೊಟ್ಟೆ ಅಟ್ಟದ ಬಾಗಿಲಲ್ಲಿ ತೂರುತ್ತಿರಲಿಲ್ಲ, ಮಗು.
ಅವನು ಕೆಳಗೆ ನಿಂತು ಬಿಲ್ಲು ಬರೆದ,
ಮನೆಯವರ ಕಾಫಿ ಹೊಗಳಿದ.
ಅಟ್ಟ ಹತ್ತಿದವಳು ನಾನು,
ಪಟ್ಟ ಹತ್ತಿದವನು ಅವನು.
ಗಾಜಿನೆಳೆ ಚುಚ್ಚಿದ ಕತ್ತು ತುರಿಸಲೂ ಆಗದೆ
ಟಾರ್ಚು ಬಾಯಲ್ಲಿ ಕಚ್ಚಿ
ತಾಮ್ರಕ್ಕೆ ತಾಮ್ರ ಬೆಸೆದೆ.
ಡೆಸ್ಮಂಡ್ ಎಲ್ಲ ಕೇಳಿಸಿಕೊಂಡು ಟೈಪು ಮಾಡಿದ್ದು:
ದಾಖಲೆ ಇಲ್ಲ.
ಪರವಾನಗಿ ಇರುವ ಯಾರಾದರೂ
ನನ್ನ ಕೆಲಸ ಕಣ್ಣಾರೆ ಕಂಡೆನೆಂದು ಸಹಿ ಹಾಕಬೇಕು.
ಕಂಡವನೊಬ್ಬನೇ. ಅವನು ಮಣ್ಣಿನಡಿ, ತಂಪಾಗಿದ್ದಾನೆ.

ಫಿಲ್ಟರ್ ಪೆಟ್ಟಿಗೆಯ ಬೆನ್ನ ಮೇಲೆ ಲೆಕ್ಕ ಬರೆದೆ.
ಅರ್ಜಿಗೆ ಇನ್ನೂರು. ಪರೀಕ್ಷೆಗೆ ನೂರ ಮೂವತ್ತು,
ಫೇಲಾದರೆ ಮತ್ತೊಂದು ನೂರ ಮೂವತ್ತು.
ಬೆರಳಚ್ಚಿಗೆ ಅರವತ್ತೇಳು;
ನನ್ನ ಬೆರಳಲ್ಲಿ ಅಚ್ಚೇ ಉಳಿದಿಲ್ಲವೆಂದು
ಮುಲಾಮು ಹಚ್ಚಿಕೊಂಡು ಬರಲು ಹೇಳಿದರು.
ಜಾಮೀನು ಒಂದು, ಜಾಮೀನಿನವನ ಕಮಿಷನ್ ಒಂದು, ವಿಮೆ...
ಪೆಟ್ಟಿಗೆ ಸಾಲಲಿಲ್ಲ.
ಅವನ ದೋಣಿ ಮಾರಿದೆ.
ಅವನು ಹಿಡಿದ ಮೀನಿಗಿಂತ ಹೆಚ್ಚೇ ಸಿಕ್ಕಿತು.

ಇದರ ನಡುವೆ ಮುದುಕಿ ಪ್ರುವಿಟ್ ಫೋನು:
"ಗಾಳಿ ನಿಂತಿದೆ, ಒಫೀಲಿಯಾ. ಬೆಕ್ಕು ಏಳುತ್ತಿಲ್ಲ."
ಐಸು ಹೊತ್ತು ಹೋದೆ, ಒದ್ದೆ ದುಪ್ಪಟಿ ಕಟ್ಟಿದೆ.
ಹೋಗಿರುವ ಕೆಪಾಸಿಟರ್ ಹದಿನಾಲ್ಕು ಡಾಲರಿನದು,
ಮುಟ್ಟಿದರೆ ದಂಡ ಎರಡೂವರೆ ಸಾವಿರದ್ದು.
ಆಮೇಲೆ ಅಲ್ಲಿ ಏನಾಯಿತೆಂದು
ನಾಲ್ಕನೇ ಕಿಟಕಿಗೆ ಹೇಳಬೇಕಾಗಿಲ್ಲ.
ಬೆಕ್ಕು ಚೆನ್ನಾಗಿದೆ.

ಕೊನೆಗೆ ಬಂದವನು ವೆಂಡೆಲ್ ಓಸ್ಟ್ರಾಂಡರ್.
ನಮ್ಮ ಗಿರಾಕಿಗಳನ್ನು ಕಿತ್ತುಕೊಳ್ಳಲೆಂದೇ
ಊರ ತುಂಬ ಬೋರ್ಡು ನೆಟ್ಟವನು.
ಗಂಡನ ಮಣ್ಣಿಗೂ ಬಾರದವನು
ವ್ಯಾನಿಗೊರಗಿ ನಿಂತು ಫಾರಂ ಕೇಳಿದ.
"ನೀವು ರಿಪೇರಿ ಮಾಡಿದ ಯಂತ್ರ ಸಿಕ್ಕಾಗಲೆಲ್ಲ ಬಿಚ್ಚಿದ್ದೇನೆ,
ತಪ್ಪು ಸಿಕ್ಕರೆ ಡಂಗುರ ಹೊಡೆಯೋಣ ಅಂತ.
ಅನ್ಸೆಲ್ಮೋ ಬಲಗೈಯವನು.
ಬೆಸುಗೆಯ ಹನಿ ಎಲ್ಲ ಎಡಕ್ಕೆ ವಾಲಿರುತ್ತಿತ್ತು.
ಮೊದಲ ವರ್ಷವೇ ತಿಳಿಯಿತು ನನಗೆ."
ಹೇಳಲಿಲ್ಲ ಏಕೆ?
"ನೀವೂ ಹೇಳಲಿಲ್ಲವಲ್ಲ."
ಸಹಿ ಹಾಕಿದ. ಪೆನ್ನು ಜೇಬಿಗಿಟ್ಟುಕೊಂಡ. ಅದು ನನ್ನ ಪೆನ್ನು.

ಇವತ್ತು ನನ್ನ ಮೊದಲ ಪರ್ಮಿಟ್ಟು,
ಚರ್ಚಿನ ಚಾವಣಿಗೆ ಐದು ಟನ್ನಿನ ಯಂತ್ರ.
ಗುತ್ತಿಗೆದಾರರ ಹೆಸರು ಎಂಬಲ್ಲಿ
ಕೈ ತಾನಾಗಿ ಅವನ ಹೆಸರು ಬರೆಯಿತು.
ತಿದ್ದಿದ ಅರ್ಜಿ ಅಸಿಂಧು.
ಡೆಸ್ಮಂಡ್ ಮಾತಿಲ್ಲದೆ ಇನ್ನೊಂದು ಸರಿಸಿದ.
ನಿಧಾನ ಬರೆಯುತ್ತೇನೆ. ಎಡಗೈಯವರಿಗೆ ಮಸಿ ಶತ್ರು,
ಬರೆದದ್ದನ್ನು ನಮ್ಮ ಕೈಯೇ ಒರೆಸಿಬಿಡುತ್ತದೆ.
ಒಣಗಲಿ ಎಂದು ಕಾದು ನಿಂತಾಗ
ತಲೆಯ ಮೇಲೆ, ಸರ್ಕಾರಿ ಚಾವಣಿಯೊಳಗೆ,
ಫ್ಯಾನಿನ ಬೇರಿಂಗು ಸಣ್ಣಗೆ ಕಿರುಗುಟ್ಟುವುದು ಕೇಳುತ್ತದೆ.
ಹೆಚ್ಚೆಂದರೆ ಎರಡು ವಾರ.
ನಾನು ಏನೂ ಹೇಳುವುದಿಲ್ಲ.
ಸರ್ಕಾರಿ ಕಟ್ಟಡಕ್ಕೆ
ಬೇರೆ ಪರವಾನಗಿ ಬೇಕು.