ಅರ್ಧ ಗಂಟೆ

ಶವಾಗಾರದ ಹಿಂದೆ, ಜನರೇಟರಿನ ಮಗ್ಗುಲಿಗೆ ಮೂರು ತೊಟ್ಟಿ.
ಮಂಡ್ಯದ ಈ ಆಸ್ಪತ್ರೆ ತೊಳೆದುಕೊಂಡದ್ದೆಲ್ಲ ಇಲ್ಲಿಗೇ ಬರುತ್ತದೆ:
ಹೆರಿಗೆ ಕೋಣೆಯ ನೆಲ, ಕೀವು ಒರೆಸಿದ ಬಟ್ಟೆ,
ನುಂಗಿದ ಮಾತ್ರೆಯಲ್ಲಿ ಮೈ ಬೇಡವೆಂದು
ಉಚ್ಚೆಯಲ್ಲಿ ಕಳಿಸಿದ ಪಾಲು.

ಕಾವಲಿಗೆ ಚಿಕ್ಕಮರಿಯಪ್ಪ.
ಕ್ಲೋರಿನ್ ಸಿಡಿದು ಸಿಡಿದು
ಅವನ ಅಂಗಿಯ ಮೂಲ ಬಣ್ಣ
ಹೆಂಡತಿಗೂ ಮರೆತಿದೆಯಂತೆ.

ಬುಧವಾರ ನಾನು ಬರುತ್ತೇನೆ, ಎರಡು ಸೀಸೆ ಹಿಡಿದು.
ಮದ್ದು ಬೀಳುವ ಮುಂಚಿನದು ಒಂದು,
ಬಿದ್ದ ಮೇಲಿನದು ಒಂದು.
ಲ್ಯಾಬಿನಲ್ಲಿ ಬೆಳೆಸಿ ತಟ್ಟೆ ತೆಗೆದರೆ
ಮೊದಲ ಸೀಸೆಯವು
ಔಷಧದ ಬಿಲ್ಲೆಗಳ ಅಂಚಿಗೇ ಬಂದು ಕೂತಿರುತ್ತವೆ,
ಯಾರೂ ಲೆಕ್ಕಕ್ಕಿಡದ ಸಾಹೇಬರ ಕುರ್ಚಿ ಸುತ್ತ
ಎಲೆಯಡಿಕೆ ಹಾಕುತ್ತ ಕೂತ ಜನರ ಹಾಗೆ.
ಒಂದೇ ಒಂದು ಬಿಲ್ಲೆಯ ಸುತ್ತ ಉಗುರಗಲ ಬಯಲು.
ಕಪಾಟಿನಲ್ಲಿ ಅದರಾಚೆಗೆ ಬೇರೆ ಔಷಧ ಇಲ್ಲ.

ಎರಡನೆಯ ಸೀಸೆ ಖಾಲಿ ಬರಬೇಕು.
ಹೋದ ವಾರ ಬರಲಿಲ್ಲ.

ಫೋನಿನಲ್ಲಿ ತಟ್ಟೆಯ ಫೋಟೊ ತೋರಿಸಿದೆ.
ಬೆರಳಿಂದ ಹಿಗ್ಗಿಸಿ ನೋಡಿದ, ಮತ್ತೆ ನೋಡಿದ.
"ಹುಯ್ದೇಟ್ಗೆ ಸಾಯಾಕಿಲ್ಲ ಕಣವ್ವಾ, ನೀರು ನಿಂತ್ಕಬೇಕು.
ಅರ್ಧ ಗಂಟೆ. ಅವತ್ತು ತೊಟ್ಟಿ ತುಂಬ್ಬುಟ್ಟಿತ್ತು,
ತಗಿ ತಗಿ ಅಂತ ಮ್ಯಾಲಿಂದ ಫೋನು.
ಹನ್ನೊಂದು ನಿಮಿಷಕ್ಕೇ ತಗ್ದೆ."

ದಾಖಲೆ ಪುಸ್ತಕದಲ್ಲೂ ಹನ್ನೊಂದು ಅಂತಲೇ ಇತ್ತು.
ಪಕ್ಕದಲ್ಲಿ ಬೇರೆ ಇಂಕಿನಲ್ಲಿ, ಬೇರೆ ಕೈಯಲ್ಲಿ: ಮೂವತ್ತು.
"ನೀವೇನ್ ಬರೀತೀರಿ?" ಅಂದ.
ಎಣಿಸಿದ್ದನ್ನು ಬರೆದೆ.

ಒಂದು ಮಾತು ಅವನಿಗೆ ಹೇಳಿಲ್ಲ.
ಸತ್ತವೂ ಕೆಲವೊಮ್ಮೆ
ಕಲಿತ ವಿದ್ಯೆಯನ್ನು ನೀರಿನಲ್ಲೇ ಬಿಟ್ಟು ಹೋಗುತ್ತವೆ,
ಬದುಕಿರುವ ಯಾವುದೋ ಒಂದು
ಬಿದ್ದ ಪಂಚೆ ಎತ್ತಿ ಉಟ್ಟುಕೊಂಡ ಹಾಗೆ ತೊಟ್ಟು ನಡೆಯುತ್ತದೆ.
ಅರ್ಧ ಗಂಟೆಗೂ ಅದೆಲ್ಲ ಸುಡುವುದಿಲ್ಲ.
ಹೇಳಿದರೆ ಗಡಿಯಾರ ನೋಡುವುದನ್ನು ಬಿಟ್ಟಾನೆಂದು ಭಯ.

ಆ ಹನ್ನೊಂದು ನಿಮಿಷದ ನೀರು ಈಗೆಲ್ಲಿದೆಯೋ.
ಮೈಸೂರು ರಸ್ತೆಯ ಮೋರಿ ದಾಟಿ, ನಾಲೆಗೆ ಸೇರಿ,
ಯಾರದೋ ಕೊತ್ತಂಬರಿ ಕಟ್ಟು ತೊಳೆಯುತ್ತಿರಬಹುದು,
ಎಮ್ಮೆಯ ಬೆನ್ನ ಮೇಲೆ ಹರಿಯುತ್ತಿರಬಹುದು,
ಮಂಡಿ ಕೆತ್ತಿಕೊಂಡ ಹುಡುಗನೊಬ್ಬ
ಸುಮ್ಮನೆ ಕಾಲು ಇಳಿಬಿಟ್ಟಿರಬಹುದು.

ಇವತ್ತು ವಾಲ್ವು ಭದ್ರವಾಗಿ ತಿರುಪಿದ್ದಾನೆ.
ಮತ್ತೆ ಫೋನು. ಬಡಿದುಕೊಳ್ಳಲಿ ಎಂದು
ಸ್ಟೂಲಿನ ಮೇಲೆ ಮಗುಚಿ ಹಾಕಿದ.
ಎಲ್ಲಿಂದಲೋ ಆಲೆಮನೆಯ ಬೆಲ್ಲದ ವಾಸನೆ,
ಬ್ಲೀಚಿನ ಘಾಟಿಗೆ ಹೆದರಿ ಗೋಡೆಯಾಚೆಗೇ ನಿಂತಿದೆ.
ತೊಟ್ಟಿಯ ಕಟ್ಟೆ ಮೇಲೆ ಇಬ್ಬರೂ ಕೂತಿದ್ದೇವೆ.
ಖಾಲಿ ಸೀಸೆ ನನ್ನ ಮಡಿಲಲ್ಲಿ.

ಇನ್ನೂ ಎಂಟು ನಿಮಿಷ.