ಸೊನ್ನೆ ಇಡುವ ಮುನ್ನ

ಸಾಲಗಾಮೆ ರಸ್ತೆಯಲ್ಲಿ ಏಣಿ ಒರಗಿಸಿ
ತಗಡಿನ ಮೇಲೆ ಹಳದಿ ಬಳಿದು ಒಣಗಿಸಿ
ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೆ, ಪೂರ್ತಿ ಹೆಸರಿಗೆ:
ಅಯ್ಯಂಗಾರ್ ಬೇಕರಿ.
ಹಾಸನದಲ್ಲಿ ಆ ಹೆಸರು ನಾನು ಬರೆಯುತ್ತಿದ್ದದ್ದು
ಮೂವತ್ತೊಂದನೇ ಸಲ. ಕೈಗೆ ಬಾಯಿಪಾಠ.
ಬರೆಸಿದವರಲ್ಲಿ ಇಬ್ಬರು ಮಾತ್ರ ನಾಮದವರು;
ಉಳಿದವರು ನಮ್ಮನಿಮ್ಮಂಥವರು,
ಹೆಸರನ್ನು ಬಾಡಿಗೆಗೆ ತಂದು
ಬಾಡಿಗೆ ಕೊಡದೆ ಉಂಡವರು.

ಇಂದ್ರಾಕ್ಷಮ್ಮ ಹೊಸಬರು. ಹದಿನೆಂಟು ವರ್ಷ
ಬೇರೆಯವರ ಒಲೆಯ ಮುಂದೆ ಮೈದಾ ನಾದಿ
ಬೆರಳಿನ ಗೆಣ್ಣು ಬನ್ನಿನ ಹಾಗೆ ಉಬ್ಬಿದವರು.
'ಎಲ್ಲರೂ ಹಾಕ್ತಾರಲ್ಲ, ನನಗೂ ಅದೇ ಹಾಕಿ,' ಎಂದು
ಮುನ್ನೂರು ಮುಂಗಡ ಕೊಟ್ಟು
ಕೆಳಗೆ ನಿಂತು ಏಣಿ ಹಿಡಿದುಕೊಂಡಿದ್ದರು.

ಅ ಆಯಿತು. ಅದರ ಹೊಟ್ಟೆ ದುಂಡಗೆ ಬಂತು.
ಯ ಬಂತು, ಕೆಳಗೆ ಒತ್ತು ಬಂತು,
ಕೆಂಪಿಗೆ ಕಪ್ಪು ನೆರಳು ಕೊಟ್ಟೆ.
ಇನ್ನೇನು ಸೊನ್ನೆ ಇಡಬೇಕು,
ಸ್ಕೂಟರು ನಿಲ್ಲಿಸಿ ಬಂದ ಅವರಕ್ಕನ ಮಗ ಲಿಖಿತ,
ಎಂ.ಬಿ.ಎ. ಎರಡನೇ ವರ್ಷ:
'ಚಿಕ್ಕಮ್ಮ, ಬಸ್‌ಸ್ಟ್ಯಾಂಡಿನಿಂದ ಎಣಿಸಿಕೊಂಡು ಬಂದೆ,
ಇದೇ ಹೆಸರು ಏಳು. ನೀನು ಎಂಟನೆಯವಳು.
ಗಿರಾಕಿಯ ತಲೆಯೊಳಗೆ ನಿನ್ನ ಜಾಗ ಯಾವುದು?'

'ಮೆಡಿಕಲ್ ಸ್ಟೋರ್ ಪಕ್ಕ,' ಅಂದರು ಇಂದ್ರಾಕ್ಷಮ್ಮ.

'ಅದು ವಿಳಾಸ. ನಾನು ಕೇಳಿದ್ದು ಪೊಸಿಷನಿಂಗು.
ಬೇರೆಯವರು ಕೊಡದ್ದು ಏನು ಕೊಡ್ತೀಯ?'
'ಬ್ರೆಡ್ಡಿನ ಎರಡು ತುದಿ. ಶಾಲೆ ಬಿಟ್ಟ ಮಕ್ಕಳಿಗೆ,
ಸುಮ್ಮನೆ.'
'ಅದು ಬರೀ ನಷ್ಟ.'
'ಹಸಿದದ್ದು ಅವು. ನಷ್ಟ ನಂದು. ನಿನಗೇನೋ?'

ಹೀಗೆ ಸಂಜೆಯಾಯಿತು. ಡಬ್ಬದ ಬಣ್ಣಕ್ಕೆ ಕೆನೆ ಕಟ್ಟಿತು.
ಮರುದಿನ ಅರಕಲಗೂಡಿನ ಕಡೆ ಎಲೆಕ್ಷನ್ನಿನ ಗೋಡೆ ಕೆಲಸ,
ಮೂರು ಪಕ್ಷಕ್ಕೂ ನಾನೇ,
ಮೂವರಿಗೂ 'ನಿಮ್ಮ ಮನೆಯ ಮಗ' ಎಂದು ಬರೆದೆ,
ಒಂದೇ ಬ್ರಷ್ಷಿನಲ್ಲಿ. ನಲವತ್ತು ದಿನ.

ವಾಪಸು ಬಂದಾಗ ಅಂಗಡಿ ಮುಂದೆ ಯೂನಿಫಾರ್ಮಿನ ಹಿಂಡು:
'ಅಯ್ಯ ಬನ್ನು ಎರಡು!'
'ಅಯ್ಯದಲ್ಲಿ ದಿಲ್‌ಪಸಂದ್ ಖಾಲಿಯಂತೆ ಕಣೋ!'
ಆಟೋದವರಿಗೆ ಅದು ಅಯ್ಯ ಸ್ಟಾಪು.
ಬಿಸಿ ಖಾರ ಬನ್ನಿಗೆ ನಾಲಗೆ ಸುಟ್ಟುಕೊಂಡವನೊಬ್ಬ
'ಅಯ್ಯ!' ಎಂದ. ಪಕ್ಕದವರು ಬೋರ್ಡು ನೋಡಿ ನಕ್ಕರು.

ಏಣಿ ಹೊತ್ತು ಬಂದವನನ್ನು ಇಂದ್ರಾಕ್ಷಮ್ಮ ತಡೆದರು.
'ಇರಲಿ ಆಚಾರ್ರೆ, ಅಷ್ಟೇ ಸಾಕು.
ಮುಂದಿನದು ಹೇಗೂ ನನ್ನದಲ್ಲ.'
ಉಳಿದ ದುಡ್ಡು ಎಣಿಸಿ ಕೊಟ್ಟರು, ಪೂರ್ತಿ ಬೋರ್ಡಿನದು.

ನನಗೆ ಉರಿಯಿತು. ಮೂವತ್ತು ವರ್ಷದ ಕೈ ಇದು.
ದಾರಿಹೋಕರು ಏನಂದುಕೊಂಡಾರು?
ಕುಡಿದು ಏಣಿ ಇಳಿದ ಎಂದೇ?
ಮೂಲೆಯಲ್ಲಿ 'ಕಲೆ: ರುದ್ರಾಚಾರ್' ಎಂದು ಹಾಕುವುದು ರೂಢಿ;
ಅದಕ್ಕೆ ಹಾಕಲಿಲ್ಲ.
ಲಿಖಿತ ಮಾತ್ರ ಫೋಟೋ ಹೊಡೆದು ಕಾಲೇಜಿನಲ್ಲಿ ತೋರಿಸಿದನಂತೆ,
ಐಡಿಯಾ ತನ್ನದೇ ಎಂದು. ಚಪ್ಪಾಳೆ ಬಿತ್ತಂತೆ.

ಈಗ ಸಂತೆಪೇಟೆಯಿಂದ ಹುಡುಕಿಕೊಂಡು ಬರುತ್ತಾರೆ,
ಟೈಲರು, ಚಪ್ಪಲಿ ಅಂಗಡಿಯವರು, ಒಬ್ಬ ಹಲ್ಲಿನ ಡಾಕ್ಟರು ಕೂಡ:
'ನಮಗೂ ಅರ್ಧ ಬರೆದುಕೊಡಿ.'
ಪ್ರಯತ್ನಪಟ್ಟೆ. ಆಗಲಿಲ್ಲ. ಬೇಕೆಂದೇ ನಿಲ್ಲಿಸಿದ ಅಕ್ಷರ
ಬೇಕೆಂದೇ ಕುಂಟುವವನ ಹಾಗೆ ಕಾಣುತ್ತದೆ.
ಅರ್ಧಕ್ಕೂ ಪೂರ್ತಿ ರೇಟು ಅಂದೆ. ಅರ್ಧ ಜನ ಹೋದರು.

ಬೆಳಗ್ಗೆ ಆರೂವರೆಗೆ ಓರೆ ಬಿಸಿಲು ಬಿದ್ದಾಗ
ಹೋಗಿ ನಿಲ್ಲುತ್ತೇನೆ. ಹಳದಿಯ ಮೇಲೆ ಇನ್ನೂ ಇದೆ
ಸೀಮೆಸುಣ್ಣದ ಗೆರೆ: ಗಾ, ರ್, ಆಚೆಗೆ ಬೇಕರಿ,
ಎಲ್ಲಕ್ಕೂ ಮೊದಲು ಆ ದುಂಡನೆ ಸೊನ್ನೆ,
ಬಣ್ಣ ಬೀಳದೆ ಬಾಯಿ ತೆರೆದುಕೊಂಡು.
ಒಳಗಿನಿಂದ ಇಂದ್ರಾಕ್ಷಮ್ಮ
ಬ್ರೆಡ್ಡಿನ ತುದಿ ಕೊಯ್ದು ಕೈಗಿಡುತ್ತಾರೆ.
ಬಿಸಿ ಇರುತ್ತದೆ. ಊದುತ್ತಾ ತಿನ್ನುತ್ತೇನೆ.