ಕತ್ತಿನ ಪಟ್ಟಿ

ಸೀಗೇಪುಡಿಯಲ್ಲಿ ಉಜ್ಜಿದೆ, ಕಡಲೆಹಿಟ್ಟಿನಲ್ಲಿ ಉಜ್ಜಿದೆ,
ತೆಂಗಿನ ನಾರು, ಕೊನೆಗೆ
ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬು.
"ಉರೀತೈತಮ್ಮ" ಅಂದಳು ಮೋನಿಷಾ.
"ಹನ್ನೆರಡು ತುಂಬಿತು, ಕತ್ತು ತೊಳ್ಕೊಳ್ಳೋಕೆ ಬರಲ್ವ?" ಅಂದೆ.
ಹೋಗಲಿಲ್ಲ ಅದು.
ಯೂನಿಫಾರ್ಮಿನ ಕಾಲರಿನೊಳಗೆ
ಮಖಮಲ್ಲಿನಷ್ಟು ಮೆತ್ತಗೆ, ಕಪ್ಪು ಪಟ್ಟಿ.

ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ ಗುಲ್ಜಾರ್ ಸಿಸ್ಟರ್
ಜಡೆ ಎತ್ತಿ, ಬೆರಳಲ್ಲಿ ಸವರಿ,
"ಕೊಳೆ ಅಲ್ಲಮ್ಮ ಇದು" ಅಂದರು.
ಮಾರನೆಯ ದಿನ ಖಾಲಿ ಹೊಟ್ಟೆಯಲ್ಲಿ
ನೂರಾ ಎಪ್ಪತ್ತೆರಡು.
ಚೀಟಿ ತಿರುಗಿಸಿ ಎರಡು ಸಲ ಹೆಸರು ನೋಡಿದೆ,
ಯಾವುದೋ ಮುದುಕಿಯದಿರಬಹುದೆಂದು.

ಏನು ತಿಂತಾಳೆ?
ಮುದ್ದೆ ಸೇರಲ್ಲ. ಅನ್ನ. ಬೇಕರಿಯ ಬನ್ನು.
ಹತ್ತು ರೂಪಾಯಿಯ ಬಣ್ಣದ ಬಾಟ್ಲಿ, ದಿನಕ್ಕೆ ಒಂದು,
ಕೆಲವು ದಿನ ಎರಡು.
ಆಟ?
ಮನೇಲಿ ಹುಳ ಇದಾವೆ ಸಿಸ್ಟರ್.
ನಡುಮನೆ ತುಂಬ ತಟ್ಟೆ.
ಓಡಬೇಡ, ಧೂಳೇಳತ್ತೆ.
ಬೀದಿ ಸುತ್ತಿ ಬಂದು ಮುಟ್ಟಬೇಡ, ರೋಗ ಬರತ್ತೆ.
ಹುಳಕ್ಕೆ.
ಮೂಲೇಲಿ ಕೂತ್ಕೋ, ಫೋನು ತಗೋ, ಈ ಪ್ಯಾಕೆಟ್ಟೂ ತಗೋ.
ಹೀಗೆ ವರ್ಷಕ್ಕೆ ಏಳು ಬೆಳೆ.

ರಾತ್ರಿಯೆಲ್ಲ ಸೊಪ್ಪು ಮೇಯುವ ಸದ್ದು,
ಯಾರೋ ಹಳೆಯ ಕಾಗದ ಹರಿಯುತ್ತಲೇ ಇದ್ದ ಹಾಗೆ.
ಯಾವ ತಟ್ಟೆಯ ಹುಳ ಸೊಪ್ಪು ಬಿಟ್ಟಿತು,
ಯಾವುದರ ಮೈ ಸಡಿಲಾಯಿತು,
ದೀಪ ಹಚ್ಚದೆ ಹೇಳಬಲ್ಲೆ ನಾನು.
ಮಗಳು ಮೂರು ಸಲ ಎದ್ದು ಚೊಂಬು ಬರಿದು ಮಾಡಿದ್ದು
ಸೆಖೆ ಅಂದುಕೊಂಡೆ.

ಮನೆಯಲ್ಲಿ ಯಾರಿಗಾದರೂ?
ನಮ್ಮಮ್ಮ ಮುನಿಲಕ್ಷ್ಮಮ್ಮನ ಬಲಗಾಲಿನ ಎರಡು ಬೆರಳು
ಕೋಲಾರದಲ್ಲಿ ತೆಗೆದರು.
ಇವಳು ಹೊಟ್ಟೆಯಲ್ಲಿದ್ದಾಗ ನನಗೂ ಸಕ್ಕರೆ ಇತ್ತು,
ಹೆರಿಗೆಯ ಜೊತೆ ಹೋಯಿತು ಅಂದಿದ್ದರು.
ನಾಲ್ಕು ಕೆಜಿ ಹುಟ್ಟಿದ್ದಳು,
ಮೇಲೂರಿನ ಹೆಂಗಸರೆಲ್ಲ ಎತ್ತಿ ತೂಗಿ
ದೃಷ್ಟಿ ತೆಗೆದು ಹೋಗಿದ್ದರು.
ಸಿಸ್ಟರ್ ಎಲ್ಲ ಬರೆದುಕೊಂಡರು. ಬೈಯಲಿಲ್ಲ.
ಬೈದಿದ್ದರೆ ಸುಲಭವಿತ್ತು.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ
"ಹಂಗಾದ್ರೆ ನಾನು ಗಲೀಜಲ್ಲ, ಅಲ್ವಾ?" ಅಂದಳು.
ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ
ತಾನಾಗಿಯೇ ಹೋಗಿ ಕೂತಿದ್ದಳಂತೆ, ಜೂನಿನಿಂದ,
ಯಾರೂ ಕತ್ತು ನೋಡದ ಹಾಗೆ.
ನನ್ನ ಕೈಯ ಸ್ಕ್ರಬ್ಬು ನೆನಪಾಯಿತು.

ಆ ರಾತ್ರಿ ನನ್ನ ತಲೆ ಬಾಚಲು ಕೂತಳು.
ಕೂದಲು ಎತ್ತಿದಳು, ಕರಿಮಣಿ ಸರಿಸಿದಳು.
ಬೆರಳು ಅಲ್ಲೇ ನಿಂತಿತು.
"ನಿಂಗೂ ಐತಲ್ಲಮ್ಮ."

ಮನೆಯಲ್ಲಿ ಸದ್ದಿರಲಿಲ್ಲ.
ಒಂದೊಂದು ತಟ್ಟೆಯಲ್ಲೂ ತಲೆ ಎತ್ತಿ, ಚರ್ಮ ಬಿಡಲು,
ಮೂರನೇ ಜ್ವರಕ್ಕೆ ಕೂತಿದ್ದವು ಹುಳ.